ವಿಶೇಷ ಅಗತ್ಯವುಳ್ಳ ಮಗಳ ಆಸ್ಪತ್ರೆ ಮತ್ತು ಶಾಲೆಯ ದಾಖಲೆಗಳನ್ನು ಜೋಡಿಸಿಡುವುದು ಹೇಗೆ?

ಪ್ರಶ್ನೆ: ಹಾಸನ ಜಿಲ್ಲೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಇದೆ, ಜೊತೆಗೆ ಆಗಾಗ ಫಿಟ್ಸ್ ಬರುತ್ತದೆ. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ. ಅಲ್ಲಿ ತರಗತಿಗಳು ಐದಕ್ಕೇ ಮುಗಿಯುವುದರಿಂದ ಬರುವ ಜೂನ್‌ನಲ್ಲಿ ಹೋಬಳಿಯ ದೊಡ್ಡ ಶಾಲೆಗೆ ಸೇರಿಸಬೇಕಾಗಿದೆ. ಫಿಟ್ಸಿಗೆ ಬೆಂಗಳೂರಿನಲ್ಲಿ, ಮಾತಿನ ತರಬೇತಿಗೆ ಮೈಸೂರಿನಲ್ಲಿ, ಫಿಸಿಯೋಥೆರಪಿಗೆ ಹಾಸನದಲ್ಲಿ ತೋರಿಸುತ್ತಿರುವುದರಿಂದ ಮೂರೂ ಕಡೆಯ ಚೀಟಿ, ಸ್ಕ್ಯಾನ್, ಬಿಲ್ಲುಗಳೆಲ್ಲ ಒಂದೇ ಚೀಲದಲ್ಲಿ ಬೆರೆತುಹೋಗಿವೆ. ಔಷಧದ ಪ್ರಮಾಣವನ್ನು ಕೊನೆಯ ಬಾರಿ ಯಾವಾಗ ಬದಲಿಸಿದ್ದು ಎಂದು ವೈದ್ಯರು ಕೇಳಿದರೆ ಹುಡುಕಿ ಹೇಳುವಷ್ಟರಲ್ಲಿ ನಮ್ಮ ಸರದಿಯ ಸಮಯವೇ ಮುಗಿದಿರುತ್ತದೆ. ಇವನ್ನು ಯಾವ ಕ್ರಮದಲ್ಲಿ ಇಟ್ಟರೆ ಅನುಕೂಲ? ಹೊಸ ಶಾಲೆಗೆ ಎಲ್ಲ ವೈದ್ಯಕೀಯ ಕಾಗದಗಳನ್ನೂ ಕೊಡಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಫಿಟ್ಸ್ ಇರುವ ಮಗನ ತಂದೆ, ತುಮಕೂರು

ಅಮ್ಮಾ, ಮೊದಲು ಬಿಲ್ಲುಗಳನ್ನು ಬೇರೆ ಕವರಿಗೆ ತೆಗೆದಿಡಿ. ಚಿಕಿತ್ಸೆಯ ವಿಷಯದಲ್ಲಿ ವೈದ್ಯರಿಗೆ ಅವು ಬೇಕಾಗುವುದಿಲ್ಲ. ಆದರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದರೆ ಹಣ ಕೇಳುವಾಗ ಬಿಲ್ಲು ಮತ್ತು ಔಷಧ ಚೀಟಿ ಎರಡೂ ಬೇಕು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಆ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಅವಕಾಶವಿದ್ದು, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಇನ್ನೂ ಮಾಡಿಸಿರದಿದ್ದರೆ ವಿಚಾರಿಸಿ.

ಉಳಿದ ಕಾಗದಗಳನ್ನು ಆಸ್ಪತ್ರೆವಾರು ವಿಂಗಡಿಸುವುದಕ್ಕಿಂತ ದಿನಾಂಕದ ಪ್ರಕಾರ ಒಂದೇ ಸಾಲಿನಲ್ಲಿ ಜೋಡಿಸುವುದು ಒಳ್ಳೆಯದು. ಏಕೆಂದರೆ ಬೆಂಗಳೂರಿನ ವೈದ್ಯರು ಔಷಧ ಬದಲಿಸಿದ ಮೇಲೆಯೇ ಹಾಸನದ ಫಿಸಿಯೋಥೆರಪಿಸ್ಟರು ಸ್ನಾಯುಗಳ ಬಿಗಿತದಲ್ಲಿ ವ್ಯತ್ಯಾಸ ಕಂಡಿರಬಹುದು. ಎರಡು ಬೇರೆ ಕಡತಗಳಲ್ಲಿ ಇಟ್ಟರೆ ಆ ಸಂಬಂಧ ಯಾರ ಕಣ್ಣಿಗೂ ಬೀಳುವುದಿಲ್ಲ. ಇ.ಇ.ಜಿ. (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಎಂ.ಆರ್.ಐ. ವರದಿಗಳನ್ನು ಪ್ಲಾಸ್ಟಿಕ್ ಹಾಳೆಯ ಫೈಲಿನಲ್ಲಿಡಿ, ಫಿಲ್ಮನ್ನು ಮಡಿಸದೆ ದೊಡ್ಡ ಕವರಿನಲ್ಲಿ ಇಡಿ. ಥರ್ಮಲ್ ಕಾಗದದಲ್ಲಿ ಬಂದ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುವುದರಿಂದ ಬಂದ ವಾರದಲ್ಲೇ ಜೆರಾಕ್ಸ್ ಮಾಡಿಸಬೇಕು.

ಫೈಲಿಗಿಂತಲೂ ಹೆಚ್ಚು ಕೆಲಸಕ್ಕೆ ಬರುವುದು ಒಂದು ದಿನಚರಿ ಪುಸ್ತಕ. ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ ಇತ್ತು, ಕೈಕಾಲುಗಳ ಯಾವ ಭಾಗದಲ್ಲಿ ಶುರುವಾಯಿತು, ಆ ದಿನ ಜ್ವರವಿತ್ತೇ, ಔಷಧ ತಪ್ಪಿತ್ತೇ ಎಂಬುದನ್ನು ಬರೆಯಿರಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ದಿನಾಂಕದೊಂದಿಗೆ ಇಟ್ಟುಕೊಳ್ಳಿ. ನಮ್ಮ ವಿವರಣೆಗಿಂತ ನರರೋಗ ತಜ್ಞರಿಗೆ ಅದು ಹೆಚ್ಚು ತಿಳಿಸುತ್ತದೆ. ಮಕ್ಕಳ ಔಷಧದ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಪ್ರತಿ ಭೇಟಿಯ ತೂಕವನ್ನೂ ಬರೆದಿಡಬೇಕು. ಸಿರಪ್ಪಿಗೆ ‘5 ಎಂ.ಎಲ್.’ ಎಂದಷ್ಟೇ ಬರೆದರೆ ಸಾಲದು. ಫಿಟ್ಸಿನ ಔಷಧಗಳಲ್ಲೇ ನೋಡಿ, ಸೋಡಿಯಂ ವಾಲ್‌ಪ್ರೋಯೇಟ್ ಸಿರಪ್ ಸಾಮಾನ್ಯವಾಗಿ 5 ಎಂ.ಎಲ್.ಗೆ 200 ಮಿಲಿಗ್ರಾಂ ಇರುತ್ತದೆ, ಲೆವೆಟಿರಾಸೆಟಮ್ ಸಿರಪ್ 1 ಎಂ.ಎಲ್.ಗೇ 100 ಮಿಲಿಗ್ರಾಂ ಇರುತ್ತದೆ. ಬಾಟಲಿಯ ಮೇಲಿರುವುದನ್ನು ನೋಡಿ ಔಷಧದ ಹೆಸರು, ಮಿಲಿಗ್ರಾಂ, ಎಂ.ಎಲ್. ಮೂರನ್ನೂ ಬರೆಯಿರಿ.

ಉತ್ತರ 2: ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ

ಮೇಲಿನವರು ಹೇಳಿದ ದಿನಚರಿಯ ಮಾತನ್ನು ನಾನು ಶಾಲೆಯ ಕಡೆಯಿಂದಲೂ ಒತ್ತಿ ಹೇಳುತ್ತೇನೆ. ಔಷಧ ಹೆಚ್ಚಿಸಿದ ವಾರದಲ್ಲಿ ಮಗು ಮೊದಲ ಅವಧಿಯಲ್ಲೇ ತೂಕಡಿಸಿದರೆ ಅದನ್ನು ನೋಡುವವರು ಶಿಕ್ಷಕರು. ಔಷಧ ಹೆಚ್ಚಿದ್ದು ಅವರಿಗೆ ಗೊತ್ತಿಲ್ಲದಿದ್ದರೆ ಮಗುವಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಅಂಕಪಟ್ಟಿಯಲ್ಲಿ ಬರೆದುಬಿಡುತ್ತಾರೆ. ಆದ್ದರಿಂದ ಅದೇ ಪುಸ್ತಕದ ಒಂದು ಪಕ್ಕವನ್ನು ಶಾಲೆಗೆ ಬಿಡಿ, ವಾರಕ್ಕೊಮ್ಮೆ ಎರಡು ಸಾಲು ಬರೆಯಲು ತರಗತಿ ಶಿಕ್ಷಕರನ್ನು ಕೇಳಿಕೊಳ್ಳಿ.

ಶಾಲೆಯ ಕಡತದಲ್ಲಿ ಇರಬೇಕಾದ ಮುಖ್ಯ ಕಾಗದ ವೈಯಕ್ತಿಕ ಶೈಕ್ಷಣಿಕ ಯೋಜನೆ, ಅಂದರೆ ಐ.ಇ.ಪಿ. ನಿಮ್ಮ ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿರುವ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಸಂಪನ್ಮೂಲ ಶಿಕ್ಷಕರು ಅದನ್ನು ಬರೆದಿದ್ದರೆ, ಈ ಶಾಲೆ ಬಿಡುವ ಮೊದಲೇ ಒಂದು ಪ್ರತಿ ಪಡೆಯಿರಿ. ಅಂಕಪಟ್ಟಿಯಲ್ಲಿ ಕಾಣದ ಸಂಗತಿಗಳು, ಅಂದರೆ ಪೆನ್ಸಿಲ್ ಹಿಡಿಯಲು ಏನು ಅನುಕೂಲ ಮಾಡಲಾಗಿತ್ತು, ಎಷ್ಟು ಹೊತ್ತು ಆಸರೆಯಿಲ್ಲದೆ ಕೂರಬಲ್ಲಳು, ಮಾತಿಗೆ ಬದಲು ಯಾವ ಸನ್ನೆ ಬಳಸುತ್ತಾಳೆ ಎಂಬಂಥವು ಅದರಲ್ಲಿರುತ್ತವೆ. ಅವಳು ಬರೆದ ಒಂದೆರಡು ಹಾಳೆಗಳನ್ನು ಪ್ರತಿ ವರ್ಷದ ಕೊನೆಗೆ ಸೇರಿಸಿಡಿ. ಮೂರನೆಯ ತರಗತಿಯ ಅಕ್ಷರಕ್ಕೂ ಐದನೆಯ ತರಗತಿಯ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ಹೊಸ ಶಿಕ್ಷಕರು ಕಣ್ಣಾರೆ ನೋಡಲಿ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 16ನೆಯ ಸೆಕ್ಷನ್ ಪ್ರಕಾರ ಇಂತಹ ಪ್ರತಿಯೊಬ್ಬ ವಿದ್ಯಾರ್ಥಿಯ ಪ್ರಗತಿಯನ್ನು ಗಮನಿಸುವುದು ಶಾಲೆಯ ಕರ್ತವ್ಯವಾದ್ದರಿಂದ ಇವನ್ನು ಕೇಳಲು ನೀವು ಸಂಕೋಚಪಡಬೇಕಾಗಿಲ್ಲ.

ವೈದ್ಯಕೀಯ ಕಾಗದಗಳನ್ನೆಲ್ಲ ಶಾಲೆಗೆ ಕೊಡಬೇಡಿ. ಯು.ಡಿ.ಐ.ಡಿ. ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಪ್ರತಿ, ಫಿಟ್ಸ್ ಬಂದಾಗ ಏನು ಮಾಡಬೇಕೆಂಬ ವೈದ್ಯರ ಸೂಚನೆ, ಶಾಲೆಯ ಹೊತ್ತಿನಲ್ಲಿ ಕೊಡಬೇಕಾದ ಔಷಧ, ಊಟ ಮತ್ತು ಶೌಚಾಲಯಕ್ಕೆ ಬೇಕಾದ ನೆರವು, ಇಷ್ಟು ಸಾಕು. ಬುದ್ಧಿಮಾಪನದ ಅಂಕಿಗಳನ್ನು ಯಾವುದಾದರೂ ನಿರ್ದಿಷ್ಟ ಸೌಲಭ್ಯಕ್ಕೆ ಕೇಳಿದಾಗ ಮಾತ್ರ ಕೊಡಿ. ಆ ಒಂದು ಅಂಕಿ ಸಿಬ್ಬಂದಿ ಕೊಠಡಿಯಲ್ಲಿ ಬಾಯಿಂದ ಬಾಯಿಗೆ ಹರಡಿ, ಮಗುವಿನ ಮುಖ ನೋಡುವ ಮೊದಲೇ ಅವಳ ಬಗ್ಗೆ ತೀರ್ಮಾನವಾಗುವುದು ನನಗೆ ಬಹಳ ನೋವಿನ ವಿಷಯ. ಮೂಲ ಪ್ರತಿಗಳನ್ನಂತೂ ಯಾವ ಕಚೇರಿಗೂ ಒಪ್ಪಿಸಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ಹಿಂದಕ್ಕೆ ತನ್ನಿ.

ಜೂನ್‌ಗೆ ಮೊದಲು ಮತ್ತೊಂದು ಕೆಲಸವಿದೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಎಸ್.ಎ.ಟಿ.ಎಸ್. (ವಿದ್ಯಾರ್ಥಿಗಳ ಆನ್‌ಲೈನ್ ಮಾಹಿತಿ ವ್ಯವಸ್ಥೆ) ದಾಖಲೆ, ಯು.ಡಿ.ಐ.ಡಿ. ಕಾರ್ಡು ಈ ನಾಲ್ಕರಲ್ಲೂ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇವೆಯೇ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದ ಕಾರಣಕ್ಕೇ ವಿದ್ಯಾರ್ಥಿವೇತನದ ಅರ್ಜಿ ನಿಂತುಹೋಗುವುದುಂಟು. ಮುಂದೆ ಎಸ್ಸೆಸ್ಸೆಲ್ಸಿಗೆ ಬಂದಾಗ ಹೆಚ್ಚುವರಿ ಸಮಯ, ಬರಹಗಾರರ ನೆರವು, ಭಾಷಾ ವಿನಾಯಿತಿಗಳನ್ನು ಮುಖ್ಯೋಪಾಧ್ಯಾಯರ ಮೂಲಕವೇ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಇದೆಲ್ಲ ಸರಿಯಾಗಿರಲಿ.

ಉತ್ತರ 3: ಮೈಸೂರಿನ ತಾಯಿ, ಮಗನಿಗೆ ಈಗ ಇಪ್ಪತ್ತು ವರ್ಷ

ಹೆರಿಗೆಯ ಸಮಯದ ಡಿಸ್ಚಾರ್ಜ್ ಸಮ್ಮರಿ ಮತ್ತು ತಾಯಿ ಕಾರ್ಡ್ ನಿಮ್ಮ ಬಳಿ ಇವೆಯೇ ನೋಡಿ ಸಹೋದರಿ. ಮಗು ಹುಟ್ಟಿದ ಕೂಡಲೇ ಅತ್ತಿತೇ, ತೂಕ ಎಷ್ಟಿತ್ತು, ಕಾಮಾಲೆಗೆ ಬೆಳಕಿನಡಿ ಇಟ್ಟಿದ್ದರೇ ಎಂದು ಪ್ರತಿಯೊಬ್ಬ ಹೊಸ ವೈದ್ಯರೂ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿಯ ಕಡೆಯವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಮೂರು ವರ್ಷ ದಾಟಿದ ಮೇಲೆ ಅವು ಆಸ್ಪತ್ರೆಯಲ್ಲಿ ಉಳಿದಿರುತ್ತವೆಂಬ ಭರವಸೆಯಿಲ್ಲ. ಇನ್ನು ಮುಂದೆ ಒಳರೋಗಿಯಾಗಿ ಸೇರಿಸಿದಾಗಲೆಲ್ಲ ಮನೆಗೆ ಬರುವ ಮೊದಲೇ ಪೂರ್ತಿ ಸಮ್ಮರಿ ಕೇಳಿ ಪಡೆಯಿರಿ.

ಹಳೆಯ ಔಷಧ ಚೀಟಿಗಳನ್ನು ಎಸೆಯಬೇಡಿ. ಯಾವ ಔಷಧವನ್ನು ಯಾವ ತೊಂದರೆಗಾಗಿ ನಿಲ್ಲಿಸಿದರು ಎಂಬುದು ಅದರಲ್ಲೇ ಇರುತ್ತದೆ. ಯು.ಡಿ.ಐ.ಡಿ. ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ದಿನಾಂಕವನ್ನು ಫೈಲಿನ ಹೊರಗಡೆಯೇ ದೊಡ್ಡದಾಗಿ ಬರೆದಿಡಿ. ಹದಿನೆಂಟು ತುಂಬಿದ ಮೇಲೆ, ಅವಳ ಪರವಾಗಿ ತೀರ್ಮಾನ ಮಾಡುವ ಅಗತ್ಯ ಬಿದ್ದರೆ, ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ಅಡಿಯಲ್ಲಿ ಪೋಷಕತ್ವಕ್ಕೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಆಗಲೂ ಈ ಕಾಗದಗಳೇ ಆಧಾರ.

ಪ್ರಶ್ನೆ ಕೇಳಿದವರು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ. ನಾವಿಬ್ಬರೂ ಹೊಲಕ್ಕೆ ಹೋದಾಗ ಮಗಳ ಜೊತೆ ನಮ್ಮ ಅತ್ತೆಯವರಿರುತ್ತಾರೆ. ಅವರಿಗೆ ಕನ್ನಡ ಓದಲು ಬರುತ್ತದೆ, ಆಸ್ಪತ್ರೆಯ ಇಂಗ್ಲಿಷ್ ಚೀಟಿ ಅರ್ಥವಾಗುವುದಿಲ್ಲ. ಅವರ ಕೈಗೆ ಏನು ಕೊಡಲಿ?

ಉತ್ತರ 1ರವರು:

ಒಂದೇ ಹಾಳೆ ಸಾಕು, ಒಂದು ಬದಿ ಕನ್ನಡದಲ್ಲಿ, ಮತ್ತೊಂದು ಬದಿ ವೈದ್ಯರಿಗಾಗಿ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬದಿಯಲ್ಲಿ ಕಾಯಿಲೆಗಳ ಹೆಸರು, ಈಗಿನ ಔಷಧ ಮತ್ತು ಪ್ರಮಾಣ, ಆಗದ ಔಷಧ, ರಕ್ತದ ಗುಂಪು, ಕೊನೆಯ ತೂಕ ಇರಲಿ. ಕನ್ನಡದ ಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಹೀಗೆ ಬರೆಯಿರಿ: ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ, ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದರಲ್ಲಿ ಹೊತ್ತು ಕಳೆಯಬೇಡಿ, 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹಾಕುವ ಮಿಡಾಜೋಲಾಮ್ ಸ್ಪ್ರೇಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದು ಮನೆಯಲ್ಲಿ ಎಲ್ಲಿದೆ, ಎಷ್ಟು ಬಾರಿ ಒತ್ತಬೇಕು ಎಂಬುದನ್ನೂ ಸೇರಿಸಿ. ಔಷಧ ಬದಲಾದ ದಿನವೇ ಹಳೆಯ ಹಾಳೆಯನ್ನು ಹರಿದು ಹೊಸದನ್ನು ಬರೆಯಬೇಕು, ಮೇಲೆ ದಿನಾಂಕ ಹಾಕಬೇಕು. ಇದರ ಇನ್ನೊಂದು ಪ್ರತಿ ಶಾಲೆಯ ಚೀಲದಲ್ಲಿರಲಿ.