ಲಿಂಫೋಮಾ ಬಂದ ಮಗನ ತಟ್ಟೆ ಬೇರೆ ಇಡಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮಗನಿಗೆ ಒಂಬತ್ತು ವರ್ಷ. ಕುತ್ತಿಗೆಯಲ್ಲಿ ಗಂಟು ಬಂದಿತ್ತು, ಬಯಾಪ್ಸಿಯಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ಕ್ಯಾನ್ಸರ್ ಅಂತ ಬಂತು. ಕೀಮೋ ನಡೀತಿದೆ. ರಿಪೋರ್ಟಿನ ಕೊನೇಲಿ ‘ಇಬಿವಿ ಪಾಸಿಟಿವ್’ ಅಂತಿದೆ, ಅದು ವೈರಸ್ ಅಂತೆ. ನಮ್ಮತ್ತೆ ಅವನ ತಟ್ಟೆ ಲೋಟ ಬೇರೆ ಮಾಡಿದ್ದಾರೆ, ತಂಗೀನ ಹತ್ತಿರ ಬಿಡ್ತಿಲ್ಲ. ಅವಳಿಗೂ ಬರುತ್ತಾ?

ಉತ್ತರ: ಇಲ್ಲಮ್ಮ, ಕ್ಯಾನ್ಸರ್ ಅಂಟಲ್ಲ. ವೈರಸ್ ಅಂಟುತ್ತೆ ನಿಜ, ಆದರೆ ಅದು ನಿಮ್ಮ ಮನೇಲಿ ಎಲ್ಲರ ಮೈಯಲ್ಲೂ ಆಗಲೇ ಇರಬಹುದು, ಅತ್ತೆಯವರದ್ದೂ ಸೇರಿ! ಇಬಿವಿ, ಅಂದರೆ ಎಪ್‌ಸ್ಟೀನ್-ಬಾರ್ ವೈರಸ್, ಎಂಜಲಿನಿಂದ ಬರೋದು. ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರಲ್ಲಿದೆ. ಚಿಕ್ಕಂದಿನಲ್ಲಿ ಗೊತ್ತೇ ಆಗದ ಹಾಗೆ ಬಂದು, ಬಿ ಕಣ ಅನ್ನೋ ಬಿಳಿ ರಕ್ತಕಣಗಳಲ್ಲಿ ಜೀವನಪೂರ್ತಿ ಅಡಗಿ ಕೂತಿರುತ್ತೆ. ನಮ್ಮ ದೇಶದ ಮಕ್ಕಳ ಹಾಡ್ಜ್‌ಕಿನ್‌ನಲ್ಲಿ ಬಹಳಷ್ಟು ಇಬಿವಿ ಪಾಸಿಟಿವೇ.

ವೈರಸ್ ಒಂದೇ ಸಾಲದು ಅನ್ನೋದಕ್ಕೆ ಉಗಾಂಡ ಸಾಕ್ಷಿ. ಅಲ್ಲಿನ ಮಕ್ಕಳ ದವಡೇಲಿ ಬೇಗ ಬೆಳೆಯೋ ಗಡ್ಡೆ (ಅದೂ ಒಂದು ಬಗೆಯ ಲಿಂಫೋಮಾ) ಬಗ್ಗೆ ಸರ್ಜನ್ ಡೆನಿಸ್ ಬರ್ಕಿಟ್ 1958ರಲ್ಲಿ ಬರೆದರು. ಅದೇ ಗಡ್ಡೆಯ ಜೀವಕೋಶಗಳಲ್ಲಿ 1964ರಲ್ಲಿ ಈ ವೈರಸ್ ಕಂಡಿದ್ದು. ವೈರಸ್ ಪ್ರಪಂಚಾದ್ಯಂತ ಇದ್ದರೂ ಆ ಗಡ್ಡೆ ಹೆಚ್ಚಾಗಿ ಕಾಣೋದು ಮಲೇರಿಯಾ ಬಿಡದೆ ಕಾಡೋ ಸೀಮೆಗಳಲ್ಲಿ. ಪದೇ ಪದೇ ಮಲೇರಿಯಾ ಬಂದರೆ ಬಿ ಕಣಗಳು ಎಡೆಬಿಡದೆ ಒಡೆದು ಹೆಚ್ಚುತ್ತವೆ, ವೈರಸ್ಸನ್ನು ಹದ್ದುಬಸ್ತಿನಲ್ಲಿಡೋ ಟಿ ಕಣ ಅನ್ನೋ ಬಿಳಿ ರಕ್ತಕಣಗಳು ಸೋಲುತ್ತವೆ. ಆ ಗದ್ದಲದಲ್ಲಿ ಕಣದೊಳಗೆ ಜೀನುಗಳಿರೋ ಎಳೆಗಳಲ್ಲಿ, ಅಂದರೆ ಕ್ರೋಮೋಸೋಮುಗಳಲ್ಲಿ, 8ನೇದರ ತುಂಡು 14ನೇದಕ್ಕೆ ಹೋಗಿ ಅಂಟಿಕೊಂಡರೆ, ಕಣ ಬೆಳೆಸೋ ಜೀನಿಗೆ ಲಗಾಮೇ ಇರಲ್ಲ.

ತೊಳೆದ ತಟ್ಟೆ ಯಾರದಾದರೇನು, ಊಟಕ್ಕೆ ಇಬ್ಬರನ್ನೂ ಜೊತೆಗೇ ಕೂರಿಸಿ. ಹುಷಾರಾಗಿರಬೇಕಾದ್ದು ಉಲ್ಟಾ ಕಡೆಯಿಂದ: ಕೀಮೋದಲ್ಲಿರೋ ಹುಡುಗನಿಗೆ ತಂಗಿಯ ನೆಗಡಿ ಅಪಾಯ. ಅವಳಿಗೆ ಚಿಕನ್‌ಪಾಕ್ಸ್ ಬೊಬ್ಬೆ ಎದ್ದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.

ಮತ್ತೊಬ್ಬರು: ಸರ್, ವೈರಸ್ಸಿಗೇ ಔಷಧಿ ಕೊಟ್ಟರೆ ಕೀಮೋ ತಪ್ಪಲ್ವಾ?

ಉತ್ತರ: ಇಬಿವಿ ವಿಷಯದಲ್ಲಿ ಇಲ್ಲ. ಅಸೈಕ್ಲೋವಿರ್ ಥರದ್ದು ವೈರಸ್ ಮರಿ ಹಾಕ್ತಿರುವಾಗ ಮಾತ್ರ ಕೆಲಸ ಮಾಡುತ್ತೆ, ಗಡ್ಡೆಯೊಳಗೆ ಅದು ಬಹುಪಾಲು ಮಲಗಿರುತ್ತೆ. ಹೆಪಟೈಟಿಸ್ ಸಿ ಬೇರೆ ಕಥೆ: ಗುಲ್ಮದಲ್ಲಿ ನಿಧಾನಕ್ಕೆ ಬೆಳೆಯೋ ಒಂದು ಬಗೆಯ ಲಿಂಫೋಮಾ, ಸಿ ವೈರಸ್ಸಿಗೆ ಮಾತ್ರೆ ಕೊಟ್ಟರೇ ಕರಗಿದ್ದುಂಟು. ಎಚ್‌ಐವಿ ಕಾವಲಿನ ಟಿ ಕಣಗಳನ್ನೇ ಕೊಂದು ಲಿಂಫೋಮಾಗೆ ದಾರಿ ಬಿಡುತ್ತೆ. ಅದಕ್ಕೇ ಲಿಂಫೋಮಾ ಅಂದ ಕೂಡಲೇ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಟೆಸ್ಟ್ ಬರೀತೀವಿ. ‘ನಮ್ಮನ್ನೇನು ಅಂದ್ಕೊಂಡ್ರಿ’ ಅಂತ ಜಗಳಕ್ಕೆ ಬರಬೇಡಿ. ಹೆಪಟೈಟಿಸ್ ಬಿ ವೈರಸ್ ಅಡಗಿದ್ದು ಗೊತ್ತಾಗದೆ ರಿಟುಕ್ಸಿಮಾಬ್ ಅನ್ನೋ ಲಿಂಫೋಮಾ ಔಷಧಿ ಕೊಟ್ಟರೆ ಅದು ಎದ್ದು ಲಿವರನ್ನೇ ಕೆಡಿಸಬಹುದು.

ಇನ್ನೊಬ್ಬರು: ನಮ್ಮಣ್ಣನಿಗೂ ಕುತ್ತಿಗೇಲಿ ಗಂಟು ಸರ್. ಟಿಬಿ ಇರಬಹುದು ಅಂತ ಮಾತ್ರೆ ಕೊಟ್ಟಿದ್ದಾರೆ, ಬಯಾಪ್ಸಿ ಮಾಡಿಲ್ಲ. ಗಂಟು ದೊಡ್ಡದಾಗ್ತಿದೆ.

ಉತ್ತರ: ನಮ್ಮಲ್ಲಿ ಕುತ್ತಿಗೆ ಗಂಟು ಅಂದರೆ ಟಿಬಿ ಇರೋದೂ ಸಾಮಾನ್ಯವೇ, ಮಾತ್ರೆ ಶುರುವಾದ ಮೇಲೆ ಅದು ಸ್ವಲ್ಪ ಊದೋದೂ ಉಂಟು. ಆದರೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಎರಡು ಕಾಯಿಲೆಯಲ್ಲೂ ಇವೆ. ಅಂದಾಜಿನ ಮೇಲೆ ತಿಂಗಳುಗಟ್ಟಲೆ ಕಾಯಬೇಡಿ, ಮಾತ್ರೆಯನ್ನು ನೀವಾಗೇ ನಿಲ್ಲಿಸಲೂಬೇಡಿ. ಈ ವಾರವೇ ಸರ್ಜನ್‌ಗೆ ತೋರಿಸಿ. ಸೂಜಿ ಪರೀಕ್ಷೆಯಲ್ಲಿ ಸ್ಪಷ್ಟವಾಗದಿದ್ದರೆ ಒಂದು ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿಗೂ ಟಿಬಿ ಪರೀಕ್ಷೆಗೂ ಕಳಿಸೋಕೆ ಹೇಳಿ.