ಪದಚರ್ಚೆ: ‘ಕದಡಿದ ನೀರು’ ಅಂದರೆ ಯಾವ ನೀರು?

ಬಳಗದ ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸುಮ್ನೆ ‘ಇದಕ್ಕೆ ಕನ್ನಡದಲ್ಲಿ ಏನಂತಾರೆ’ ಎಂದು ಕೇಳಿದರೆ ನಿಘಂಟಿನ ಉತ್ತರ ಸಿಗುತ್ತದೆ. ಆ ಉತ್ತರದಿಂದಲೇ ಈ ಸಲ ಕೆಲಸ ಕೆಟ್ಟಿದ್ದು.

ಸಕಲೇಶಪುರದ ಹತ್ತಿರ ನನ್ನ ಅಕ್ಕ-ಭಾವನ ತೋಟದ ಮನೆ ಇದೆ. ಮನೆ ಹಿಂದೆ ಸಣ್ಣ ಈಜುಕೊಳ. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂಕಾಲು ಮೀಟರ್ ಆಳ. ಲೆಕ್ಕಕ್ಕೆ 40 ಸಾವಿರ ಲೀಟರ್ ನೀರು. ಅದನ್ನು ನೋಡಿಕೊಳ್ಳುವವರು ಅರಸೀಕೆರೆ ಕಡೆಯವರು. ಕನ್ನಡ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಪೂಲಿನ ಔಷಧಿ ಡಬ್ಬಗಳ ಮೇಲೆ ಇರುವುದೆಲ್ಲ ಇಂಗ್ಲಿಷ್. ‘ನೀರು ಹಸಿರಾದರೆ ಏನೇನು ಮಾಡಬೇಕು ಅಂತ ಒಂದು ಹಾಳೇಲಿ ಕನ್ನಡದಲ್ಲಿ ಬರೆದುಕೊಡೇ, ಮೋಟ್ರು ರೂಮಲ್ಲಿ ಅಂಟಿಸ್ತೀನಿ’ ಎಂದು ಅಕ್ಕ ಕೇಳಿದಳು. ಬರೆದುಕೊಟ್ಟೆ.

ಮಳೆಗಾಲದಲ್ಲಿ ಅಲ್ಲಿ ಮೂರು ದಿನ ಕರೆಂಟ್ ಹೋಯಿತು. ಮೋಟಾರ್ ನಿಂತಿತು. ಮಳೆ ನೀರು ಸೇರಿತು, ಸಿಲ್ವರ್ ಓಕ್ ಎಲೆ ಉದುರಿ ಕೊಳೆಯಿತು, ಇದ್ದ ಕ್ಲೋರಿನ್ ಮುಗಿಯಿತು. ನಾಲ್ಕನೇ ದಿನ ಮೋಡ ಹರಿದು ಬಿಸಿಲು ಬಂತು. ಅದರ ಮಾರನೇ ದಿನ ನೋಡಿದರೆ ನೀರು ಬಸ್ಸಾರಿಗೆ ಸೊಪ್ಪು ಬೇಯಿಸಿ ಬಸಿದ ಕಟ್ಟಿನ ಬಣ್ಣ. ಹಾಳೆಯಲ್ಲಿ ಬರೆದಂತೆ ಅವರು ಸಂಜೆ ಹೊತ್ತು ಬ್ಲೀಚಿಂಗ್ ಪೌಡರ್ ಹಾಕಿದರು. ಬೆಳಿಗ್ಗೆಗೆ ಹಸಿರು ಹೋಗಿತ್ತು. ಆದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ಮೊದಲನೇ ಮೆಟ್ಟಿಲೂ ಕಾಣುತ್ತಿರಲಿಲ್ಲ. ಇದು ಆಗಬೇಕಾದದ್ದೇ. ಹಸಿರು ಸತ್ತರೆ ಬಣ್ಣ ಹೋಗುತ್ತದೆ, ಸತ್ತ ಕಣಗಳು ನೀರಲ್ಲೇ ಉಳಿಯುತ್ತವೆ.

ಇದಕ್ಕೆ ನಾನು ಹಾಳೆಯಲ್ಲಿ ಬರೆದಿದ್ದು ಹೀಗೆ: ‘ಹಸಿರು ಹೋದ ಮೇಲೆ ನೀರು ಕದಡಿರುತ್ತದೆ. ಪೂರ್ತಿ ತಿಳಿಯಾಗುವವರೆಗೂ ಯಾರೂ ಇಳಿಯಬಾರದು.’

ಅವರು ಮೋಟಾರ್ ಆಫ್ ಮಾಡಿಬಿಟ್ಟರು. ಎರಡು ದಿನ ನೀರು ಹಾಗೇ ನಿಂತಿತು. ತಿಳಿಯಾಗಲಿಲ್ಲ. ಮೂರನೇ ದಿನ ಗೋಡೆಯ ಅಂಚಲ್ಲಿ ಮತ್ತೆ ಹಸಿರು ಕಾಣಿಸಿಕೊಂಡಿತು. ಅಕ್ಕ ಫೋನ್ ಮಾಡಿ ಅವರ ಕೈಗೇ ಕೊಟ್ಟಳು. ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

‘ಅಕ್ಕ, ಕದಡಿದೆ ಅಂತ ನೀವೇ ಬರ್ದಿದ್ರಲ್ಲ. ಕದಡಿದ ನೀರನ್ನ ಅಲ್ಲಾಡಿಸಬಾರದು ಅಲ್ವಾ? ಮೋಟ್ರು ಓಡ್ತಾ ಇದ್ರೆ ಅದು ಎಲ್ಲಿ ತಿಳಿಯಾಗುತ್ತೆ? ಅದಕ್ಕೇ ಬಂದ್ ಮಾಡ್ದೆ.’

ಅವರ ಮಾತಲ್ಲಿ ಒಂದಿಷ್ಟೂ ತಪ್ಪಿಲ್ಲ. ತಪ್ಪು ನನ್ನ ಪದದ್ದು.

‘ಕದಡು’ ಅನ್ನುವ ಪದದೊಳಗೆ ಒಂದು ತಳ ಇದೆ. ತಳದಲ್ಲಿ ಏನೋ ಕೂತಿತ್ತು, ಯಾರೋ ಕಲಕಿದರು, ಅದು ಮೇಲೆದ್ದಿತು. ಕೆರೆಗೆ ಎಮ್ಮೆ ಇಳಿದರೆ ನೀರು ಕದಡುತ್ತದೆ. ಬಾವಿಯಲ್ಲಿ ಕೊಡ ತಳ ಮುಟ್ಟಿದರೆ ಕದಡುತ್ತದೆ. ಮನಸ್ಸು ಕದಡಿತು ಅಂದಾಗಲೂ ಅಷ್ಟೇ, ತೆಪ್ಪಗಿದ್ದ ಮನಸ್ಸನ್ನು ಯಾವುದೋ ಕಲಕಿದೆ ಎಂದರ್ಥ. ಇದಕ್ಕೆ ಮದ್ದು ಯಾರೂ ಹೇಳಿಕೊಡಬೇಕಿಲ್ಲ. ಮುಟ್ಟದೆ ಬಿಟ್ಟರೆ ತಾನೇ ಕೂರುತ್ತದೆ. ಪದ ಕೇಳಿದ ಕೂಡಲೇ ಕೈ ಹಿಂದಕ್ಕೆ ಬರುತ್ತದೆ. ಅವರ ಕೈ ಸ್ವಿಚ್ಚಿಗೆ ಹೋಗಿದ್ದೂ ಹಾಗೇ.

ಈಜುಕೊಳದ ಬಿಳಿ ನೀರಿನ ಗುಣ ಬೇರೆ. ಸತ್ತ ಹಸಿರಿನ ಕಣಗಳು ಬಹಳ ಸಣ್ಣವು. ಒಂದಷ್ಟು ತಳ ಸೇರಬಹುದು, ಉಳಿದದ್ದು ದಿನಗಟ್ಟಲೆ ತೇಲುತ್ತದೆ. ಅದನ್ನು ಮರಳಿನ ಫಿಲ್ಟರಿನಲ್ಲಿ ಸೋಸಿ ಸೋಸಿಯೇ ತೆಗೆಯಬೇಕು. ಹಗಲೂ ರಾತ್ರಿ ಮೋಟಾರ್ ಓಡಬೇಕು. ಅಂದರೆ ಇದು ಕೂರಿಸುವ ನೀರಲ್ಲ, ಸೋಸುವ ನೀರು. ಈ ಎರಡನೆಯದಕ್ಕೆ ನಮ್ಮಲ್ಲಿ ಬೇರೆ ಪದ ಉಂಟೇ ಎಂಬುದೇ ನನ್ನ ಪ್ರಶ್ನೆ.

ನಾನು ಯೋಚಿಸಿದ ಪದಗಳನ್ನು ಮೊದಲು ಹೇಳಿಬಿಡುತ್ತೇನೆ. ‘ಬಗ್ಗಡ’ ನನಗೆ ತುಂಬ ಇಷ್ಟದ ಪದ, ಆದರೆ ಅದರಲ್ಲಿ ಮಣ್ಣಿನ ಬಣ್ಣ ಇದೆ. ಹೊಳೆಗೆ ಹೊಸ ನೀರು ಬಂದಾಗ ಬಗ್ಗಡ. ‘ರಾಡಿ’ ಇನ್ನೂ ಗಟ್ಟಿ, ಅದು ಕೆಸರಿನ ಪಕ್ಕದ ಮನೆ. ‘ಮಬ್ಬು’ ಮತ್ತು ‘ಮಸುಕು’ ಬೆಳಕಿಗೂ ಕಣ್ಣಿಗೂ ಸೇರಿದವು. ನೀರು ಮಸುಕಾಗಿದೆ ಎಂದರೆ ಓದಿದವನು ತನ್ನ ಕನ್ನಡಕ ಒರೆಸಿಕೊಳ್ಳಬಹುದು. ‘ಮಲಿನ’ ಅನ್ನಬಾರದು. ಆ ಹೊತ್ತಿಗೆ ನೀರಿನಲ್ಲಿ ಕ್ಲೋರಿನ್ ಜಾಸ್ತಿಯೇ ಇರುತ್ತದೆ, ಕೊಳಕಲ್ಲ.

ಉಳಿದದ್ದು ಎರಡು. ಒಂದು ‘ಅಕ್ಕಚ್ಚು’. ಅಕ್ಕಿ ತೊಳೆದ ನೀರಿಗೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೇಳುವ ಪದ. ನೀರಿನ ರೂಪ ಮಾತ್ರ ಹೇಳುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ, ಆದ್ದರಿಂದ ದಾರಿ ತಪ್ಪಿಸುವುದೂ ಇಲ್ಲ. ಆದರೆ ಅರಸೀಕೆರೆ ಕಡೆಯವರಿಗೆ ಅದು ತಿಳಿಯಲಿಲ್ಲ. ‘ಕಲಗಚ್ಚಾ ಅಕ್ಕ?’ ಎಂದರು. ಕಲಗಚ್ಚು ಬೇರೆಯೇ, ಅದು ದನಕ್ಕೆ ಇಡುವ ನೀರು. ಇನ್ನೊಂದು ‘ಹಾಲುಗಟ್ಟು’. ಪಾಚಿಗಟ್ಟು, ಕೆನೆಗಟ್ಟು, ಹೆಪ್ಪುಗಟ್ಟು ಇರುವ ಹಾಗೆ ಹಾಲುಗಟ್ಟು. ಕಾಳಿನಲ್ಲಿ ಹಾಲು ತುಂಬುವ ಹೊತ್ತಿಗೆ ಹೊಲದಲ್ಲಿ ಈ ಮಾತು ಇದೆ. ನೀರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ನೀವು ಕೇಳಿದ್ದೀರಾ?

ಇಲ್ಲಿ ಇನ್ನೊಂದು ತೊಡಕಿದೆ. ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣ ಇರುತ್ತದೆ. ನೇರವಾಗಿ ಪೂಲಿಗೆ ಸುರಿದರೆ ಆ ಸುಣ್ಣದಿಂದಲೂ ನೀರು ಬೆಳ್ಳಗಾಗುತ್ತದೆ. ಆ ಸುಣ್ಣದ ಕಣ ಬಿಟ್ಟರೆ ತಳ ಸೇರುತ್ತದೆ, ಅದು ನಿಜವಾಗಿ ಕದಡಿದ ನೀರೇ! ನೋಡಲು ಎರಡೂ ಒಂದೇ, ಗುಣ ಬೇರೆ. ಅದಕ್ಕೇ ಪುಡಿಯನ್ನು ಮೊದಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಬೇಕು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಆಸಿಡ್ ಹತ್ತಿರವೂ ತರಬಾರದು, ವಿಷದ ಗಾಳಿ ಏಳುತ್ತದೆ. ಕರಗಿಸಿ ಅರ್ಧ ಗಂಟೆ ಬಿಟ್ಟು, ಮೇಲಿನ ನೀರನ್ನು ಮಾತ್ರ ಪೂಲಿಗೆ ಬಗ್ಗಿಸಬೇಕು.

ಈ ‘ಮೇಲಿನ ನೀರು’ ಅನ್ನುವುದಕ್ಕೆ ನಾನು ‘ತಿಳಿ’ ಎಂದು ಬರೆದಿದ್ದೆ. ಹಾಳೆಯಲ್ಲಿ ಒಂದು ಕ್ಷಣವೂ ಅನುಮಾನ ಬಾರದ ಪದ ಅದೊಂದೇ. ‘ಸುಣ್ಣದ ತಿಳಿ ತೆಗೆಯೋ ಹಾಗೆ ತಾನೇ?’ ಎಂದರು. ಬಕೆಟ್ಟನ್ನು ಬಾಗಿಸಿ, ತಳದ ಬಿಳಿ ಗಸಿ ಅಲ್ಲಾಡದ ಹಾಗೆ, ನೂಲಿನಂತೆ ತಿಳಿ ಬಿಡುವುದನ್ನು ಮುಂದಿನ ಸಲ ಹೋದಾಗ ನಾನೇ ನಿಂತು ನೋಡಿದೆ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ಉಳಿದಾಗ ಕೈ ತಾನಾಗಿ ನಿಂತಿತು. ತಿಳಿಸಾರು ಮಾಡುವವರ ಕೈಯೂ ಹಾಗೇ ನಿಲ್ಲುತ್ತದೆ.

‘ತಿಳಿ’ಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನೀರು ತಿಳಿಯಾಗುವುದಕ್ಕೂ ವಿಷಯ ತಿಳಿಯುವುದಕ್ಕೂ ನಮ್ಮಲ್ಲಿ ಒಂದೇ ಪದ. ತಮಿಳಿನ ‘ತೆಳಿ’ಯಲ್ಲೂ ಎರಡೂ ಅರ್ಥ ಇವೆ. ತೆಲುಗಿನವರು ‘ತೆಲಿಯು’ ಅನ್ನುವುದು ಅರಿವಿಗೆ. ಸಂಸ್ಕೃತದ ‘ಪ್ರಸನ್ನ’ಕ್ಕೂ ತಿಳಿನೀರಿನ ಅರ್ಥ ಉಂಟು, ಅದರ ಧಾತುವಿನಲ್ಲೇ ಕೂರುವುದು ಇದೆ. ಅಂದರೆ ಈ ಪದಗಳ ಹಿಂದೆ ಇರುವುದು ನಿಂತ ನೀರು. ಕೊಡದಲ್ಲಿ, ಬಾವಿಯಲ್ಲಿ, ಕಲ್ಯಾಣಿಯಲ್ಲಿ ಕೂತು ತಿಳಿಯಾದ ನೀರು. ಓಡುತ್ತಾ ಓಡುತ್ತಾ ತಿಳಿಯಾಗುವ ನೀರು ಮೋಟಾರ್ ಬಂದ ಮೇಲಿನದು. ಹಾಗಾಗಿ ‘ತಿಳಿಯಾಗುವವರೆಗೂ’ ಎಂದು ಬರೆದದ್ದೂ ಅವರನ್ನು ಸ್ವಿಚ್ಚಿನ ಕಡೆಗೇ ತಳ್ಳಿತು ಎಂದು ನನಗೆ ಈಗ ಅನ್ನಿಸುತ್ತದೆ.

ಎರಡನೇ ಪ್ರಶ್ನೆ ‘ಪಾಚಿ’ಯದು. ಪಾಚಿ ಅಂದ ಕೂಡಲೇ ಕಣ್ಣಿಗೆ ಬರುವುದು ಬಚ್ಚಲ ಕಲ್ಲು, ಕಲ್ಯಾಣಿ ಮೆಟ್ಟಿಲು, ಅಂಟಿಕೊಂಡು ಜಾರುವ ವಸ್ತು. ಉಜ್ಜಿದರೆ ಹೋಗುತ್ತದೆ. ಹಳೆಯ ‘ಹಾವಸೆ’ಯೂ ಹೀಗೇ, ವಚನಗಳಲ್ಲಿ ಬರುವ ಹಾವಸೆಗಲ್ಲು ಕಾಲಿಟ್ಟರೆ ಜಾರುವ ಕಲ್ಲು. ಆದರೆ ಪೂಲನ್ನು ಹಸಿರು ಮಾಡುವುದು ಎಲ್ಲಿಗೂ ಅಂಟುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು, ನೀರಿನ ಉದ್ದಗಲಕ್ಕೂ ತೇಲುತ್ತವೆ. ಕೈಯಲ್ಲಿ ಬೊಗಸೆ ನೀರು ತೆಗೆದರೆ ಬಣ್ಣವೇ ಕಾಣುವುದಿಲ್ಲ. ‘ಪಾಚಿ ತೆಗೆಯಿರಿ’ ಎಂದು ಬರೆದರೆ ಬ್ರಷ್ ಹಿಡಿದು ಗೋಡೆ ಉಜ್ಜುತ್ತಾರೆ. ಗೋಡೆ ಉಜ್ಜುವುದೂ ಬೇಕು, ಆದರೆ ಅಷ್ಟರಿಂದ ನೀರಿನ ಹಸಿರು ಹೋಗುವುದಿಲ್ಲ. ಪಠ್ಯಪುಸ್ತಕದ ‘ಶೈವಲ’ ಮೋಟಾರ್ ರೂಮಿಗೆ ಬರುವ ಪದವಲ್ಲ. ಅವರು ಹೇಳುವುದು ‘ನೀರು ಹಸಿರು ತಿರುಗಿದೆ’ ಅಂತ. ನನಗೆ ಇದು ತುಂಬ ಹಿಡಿಸಿತು. ಹಣ್ಣು ಬಣ್ಣ ತಿರುಗುವ ಹಾಗೆ, ಒಳಗಿನಿಂದಲೇ ಆದ ಬದಲಾವಣೆ. ಹೊಸ ಹಾಳೆಯಲ್ಲಿ ಇದನ್ನೇ ಹಾಕಿದ್ದೇನೆ. ನಿಮ್ಮ ಕಡೆ ಕೆರೆ ಪೂರ್ತಿ ಹಸಿರಾದರೆ ಏನನ್ನುತ್ತಾರೆ? ಅಂತರಗಂಗೆ ಮೇಲೆ ಹಬ್ಬಿದ್ದನ್ನು ಕೇಳುತ್ತಿಲ್ಲ, ನೀರೇ ಹಸಿರಾದದ್ದು.

ಡಬ್ಬದ ಮೇಲಿನ ‘ಶಾಕ್’ ಪದವನ್ನು ನಾನು ಕನ್ನಡಕ್ಕೆ ತರಲೇ ಇಲ್ಲ. ಒಮ್ಮೆಗೇ ಜಾಸ್ತಿ ಕ್ಲೋರಿನ್ ಹಾಕುವುದಕ್ಕೆ ಆ ಹೆಸರು. ನೀರಿನ ಪಕ್ಕ, ಮೋಟಾರಿನ ಪಕ್ಕ ‘ಶಾಕ್ ಕೊಡಿ’ ಎಂದು ಗೋಡೆಗೆ ಅಂಟಿಸಲು ಮನಸ್ಸು ಬರಲಿಲ್ಲ. ಶಾಕ್ ಅಂದರೆ ನಮ್ಮವರಿಗೆಲ್ಲ ಕರೆಂಟೇ. ‘ಹಸಿರು ಸಾಯುವಷ್ಟು ಪೌಡರ್’ ಎಂದು ಬರೆದೆ. ಅಳತೆಯನ್ನೂ ಬಿಡಿಸಿ ಹಾಕಿದೆ: ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಎಂದು ಹಿಡಿದರೆ 40 ಸಾವಿರ ಲೀಟರಿಗೆ 400 ಗ್ರಾಂ. ಪುಡಿಯಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇದ್ದರೆ 1 ಕಿಲೋ 200 ಗ್ರಾಂ ಪುಡಿ. ಸಂಜೆಯೇ ಯಾಕೆ ಅನ್ನುವುದಕ್ಕೆ ಮಾತ್ರ ಅವರದೇ ಮಾತು ಹಾಕಿದೆ: ‘ಬಿಸಿಲು ಔಷಧಿಯನ್ನು ಕುಡಿದುಬಿಡುತ್ತದೆ.’ ಇದಕ್ಕಿಂತ ಸರಿಯಾಗಿ ನಾನು ಬರೆಯಲಾರೆ.

‘ಬ್ಯಾಕ್‌ವಾಶ್’ ಹಾಗೇ ಇರಲಿ. ಫಿಲ್ಟರಿನ ಹಿಡಿಯ ಮೇಲೆ ಅದೇ ಪದ ಕೆತ್ತಿದೆ, ಅಲ್ಲಿಗೆ ಹಿಡಿ ತಿರುಗಿಸಬೇಕು. ಪಕ್ಕದಲ್ಲಿ ‘ಉಲ್ಟಾ ನೀರು ಬಿಟ್ಟು ಮರಳು ತೊಳೆಯುವುದು’ ಎಂದು ವಿವರ ಕೊಟ್ಟರೆ ಸಾಕು.

ಕೊನೆಯದು ಪಟಿಕ. ಸೋಸುವ ಬದಲು ಕೂರಿಸುವ ದಾರಿಯೂ ಒಂದಿದೆ. ಪಟಿಕ ಕರಗಿಸಿ ಹಾಕಿದರೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ತಳ ಸೇರುತ್ತವೆ. ಆಗ ಮೋಟಾರ್ ಆಫ್ ಮಾಡಲೇಬೇಕು, ರಾತ್ರಿಯಿಡೀ ನೀರು ಅಲ್ಲಾಡಬಾರದು. ಬೆಳಿಗ್ಗೆ ತಳದಲ್ಲಿ ಕೂತದ್ದನ್ನು ಪೈಪಿನಲ್ಲಿ ಹೀರಿ ಹೊರಗೇ ಬಿಡಬೇಕು, ಫಿಲ್ಟರಿಗೆ ಕೊಡಬಾರದು. ನಮ್ಮ ಹಿರಿಯರು ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು ಮಾಡುತ್ತಿದ್ದುದೂ ಇದೇ ಕೆಲಸ. ಕೂತದ್ದಕ್ಕೆ ನಾನು ‘ಗಸಿ’ ಅನ್ನುತ್ತೇನೆ. ಮಂಗಳೂರಿನ ಗೆಳತಿಗೆ ಗಸಿ ಅಂದರೆ ಊಟದ ಪದಾರ್ಥ. ‘ಮಡ್ಡಿ’ ಎಣ್ಣೆಗೆ ಹತ್ತಿರ, ‘ಚರಟ’ ಕಾಫಿಗೆ. ಎಲ್ಲ ಕಡೆಗೂ ಹೊಂದುವ ಪದ ಇದ್ದರೆ ಹೇಳಿ.

ಸದ್ಯಕ್ಕೆ ಹೊಸ ಹಾಳೆಯಲ್ಲಿ ಆ ಸಾಲು ಹೀಗಿದೆ: ‘ಹಸಿರು ಹೋದ ಮೇಲೆ ನೀರು ಬೆಳ್ಳಗೆ ಇರುತ್ತದೆ. ಇದು ತಾನಾಗಿ ಕೂರುವುದಿಲ್ಲ. ಮೋಟಾರ್ ನಿಲ್ಲಿಸಬೇಡಿ. ತಳದ ಕಲ್ಲು ಕಾಣುವವರೆಗೂ ಸೋಸಬೇಕು.’ ಕೆಲಸಕ್ಕೆ ಇದು ಸಾಕು. ಆದರೂ ಆ ಬೆಳ್ಳನೆಯ, ಕೂರದ ನೀರಿಗೆ ಎಲ್ಲೋ ಒಂದು ಊರಿನಲ್ಲಿ ಒಂದು ಪದ ಇದ್ದೇ ಇರುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಸುಣ್ಣದ ಗೂಡಿನವರು, ಬಣ್ಣ ಹಾಕುವವರು, ನೇಕಾರರು ಇಂಥ ನೀರನ್ನು ದಿನಾ ನೋಡಿದವರು. ಉತ್ತರ ಕರ್ನಾಟಕದ ಗೆಳೆಯರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಯಾವ ಊರು, ಯಾವ ನೀರಿಗೆ ಹೇಳಿದ್ದು ಎಂಬುದನ್ನೂ ಜೊತೆಗೆ ಸೇರಿಸಿ.

ವಂದನೆಗಳು.