ಹುಲ್ಲು ಬೆಟ್ಟದ ಮೇಲೆ ಗಿಡ ನೆಡಬೇಕಾ, ಬೇಡವಾ?

ಮಾದಾಪುರದ ಬೆಳೆಗಾರ್ತಿ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮೇಲ್ಗಡೆ ಒಂದು ಹುಲ್ಲಿನ ಬೆಟ್ಟ ಇದೆ, ಪೈಸಾರಿ ಜಾಗ, ಅಂದರೆ ಸರ್ಕಾರದ್ದು. ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿ ಹುಲ್ಲು ಬಿಟ್ಟು ಬೇರೇನೂ ನೋಡಿಲ್ಲ. ಈ ಮಳೆಗಾಲದಲ್ಲಿ ಊರಿನ ಹುಡುಗರು ಅಲ್ಲಿ 500 ಗಿಡ ನೆಡಲು ಹೊರಟಿದ್ದಾರೆ. ಸಿಲ್ವರ್ ಓಕ್, ಅಕೇಶಿಯಾ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ನೋಡಿದವರು ಅವರು. ಮರ ಇದ್ದರೆ ಮಣ್ಣು ನಿಲ್ಲುತ್ತದೆ ಅನ್ನುತ್ತಾರೆ. ನನ್ನ ಹತ್ತಿರವೂ ಹಣ ಕೇಳಿದರು, ಕೊಡೋಣ ಅಂತಲೇ ಇದ್ದೆ. ಅವ್ವ ಮಾತ್ರ ಬೇಡ ಅಂದರು. ಆ ಹುಲ್ಲಿಗೆ ಕೈ ಹಾಕಿದರೆ ನಮ್ಮ ಕೊಲ್ಲಿ, ಅಂದರೆ ತೊರೆ, ಬತ್ತುತ್ತದೆ ಅಂತ. ಅವ್ವನ ಮಾತು ನಿಜವಾ?

ಭಾಗಮಂಡಲದಿಂದ:
ನಿಮ್ಮ ಅವ್ವನ ಮಾತು ಕೇಳಿ ಅಕ್ಕ. ನಮ್ಮ ಎತ್ತರದ ಬೆಟ್ಟಗಳ ರೀತಿಯೇ ಹಾಗೆ. ನೆತ್ತಿಯ ಮೇಲೆ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಹಸಿರು ಕಾಡು. ಬ್ರಹ್ಮಗಿರಿ, ಪುಷ್ಪಗಿರಿ, 1,748 ಮೀಟರ್ ಎತ್ತರದ ತಡಿಯಂಡಮೋಳ್, ಎಲ್ಲಿ ನೋಡಿದರೂ ಇದೇ. ಮರ ಕಡಿದು ಬೋಳಾದ ಜಾಗ ಅಲ್ಲ ಅದು, ಹುಲ್ಲಿನದೇ ಜಾಗ.

ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ಒಮ್ಮೆ ಮೇಲೆ ಹೋಗಿ, ಮಂಡಿಯೂರಿ ಹುಲ್ಲಿನ ಬುಡ ಬಿಡಿಸಿ ನೋಡಿ. ಬೇರು ಒಂದಕ್ಕೊಂದು ಹೆಣೆದುಕೊಂಡು ಮೆತ್ತೆ ಥರ ಇರುತ್ತದೆ. ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬರುತ್ತದೆ. ಆ ನೀರು ನಿಧಾನವಾಗಿ ಇಳಿದು ಶೋಲಾಕ್ಕೆ, ಅಲ್ಲಿಂದ ಕೊಲ್ಲಿಗೆ. ಅಕೇಶಿಯಾ, ಸಿಲ್ವರ್ ಓಕ್ ಎರಡೂ ಆಸ್ಟ್ರೇಲಿಯಾದ ಮರಗಳು. ನೆರಳು ಬಿದ್ದರೆ ಹುಲ್ಲು ಹೋಗುತ್ತದೆ. 2022ರಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದಲ್ಲಿ ಕುರಿಂಜಿ ಹೂವು ಅರಳಿತ್ತಲ್ವಾ? ಅದಕ್ಕೂ ಈ ಬಯಲೇ ಬೇಕು.

ಮಡಿಕೇರಿಯವನು:
ಆದರೆ ಕುಸಿತದ ಭಯ ಸುಳ್ಳಲ್ಲವಲ್ಲ? ನಮ್ಮ ಮನೆ ಹಿಂದಿನ ಗುಡ್ಡವೇ ಜಾರಿ ಬಂತು. ಹುಡುಗರ ಸಂಕಟ ನನಗೆ ಅರ್ಥವಾಗುತ್ತದೆ.

ಭಾಗಮಂಡಲದಿಂದ:
ಭಯ ನಿಜ ಅಣ್ಣ. ಆ ವರ್ಷದ ಮಳೆಯೇ ಹಾಗಿತ್ತು. ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದೂ ಒಂದು ಕಾರಣ. ಮುಟ್ಟದೆ ಬಿಟ್ಟ ಹುಲ್ಲಿನಲ್ಲಿ 500 ಗುಂಡಿ ತೋಡಿದರೆ ಆ ಮೆತ್ತೆಯನ್ನು ನಾವೇ ಹರಿದ ಹಾಗೆ.

ಹುಡುಗರ ಉತ್ಸಾಹ ಸುಮ್ನೆ ಹಾಳಾಗಬಾರದು. ತೋಟದಿಂದ ಬೀಜ ಹಾರಿ ಮೇಲೆ ಹುಟ್ಟಿದ ಅಕೇಶಿಯಾ ಸಸಿ ಇದ್ದರೆ ಕೀಳಲಿ. ಮಳೆಯಲ್ಲಿ ಬೇರು ಸಮೇತ ಬರುತ್ತದೆ. ಜೀಪುಗಳು ಹುಲ್ಲಿನ ಮೇಲೆ ಹೊಸ ದಾರಿ ಮಾಡದಂತೆ, ಬೇಸಿಗೆಯಲ್ಲಿ ಯಾರೂ ಬೆಂಕಿ ಇಡದಂತೆ ನೋಡಿಕೊಳ್ಳಲಿ. ಗಿಡ ನೆಡಲೇಬೇಕಾದರೆ ದೇವರಕಾಡಿನ ಅಂಚು ಇದೆ. ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ, ಎಷ್ಟೋ ಕಡೆ ಅಂಚು ಸವೆದಿದೆ. ಊರಿನವರನ್ನೂ ಅರಣ್ಯ ಇಲಾಖೆಯವರನ್ನೂ ಕೇಳಿಕೊಂಡು ಅಲ್ಲಿ ನೇರಳೆ, ಅತ್ತಿ, ಹೆಬ್ಬಲಸು ಹಾಕಿ.

ಮಾದಾಪುರದ ಬೆಳೆಗಾರ್ತಿ:
ನಿನ್ನೆ ಅವ್ವನ ಕೈ ಹಿಡಿದುಕೊಂಡು ಮೇಲೆ ಹೋಗಿದ್ದೆ. ನೀವು ಹೇಳಿದ ಹಾಗೆ ಹುಲ್ಲು ಬಿಡಿಸಿ ನೋಡಿದೆ. ಬುಡದಲ್ಲಿ ಉಗುರಿನಷ್ಟು ಬಿಳಿ ಹೂವು, ನೆಲದ ಆರ್ಕಿಡ್ ಇರಬೇಕು. ಇಷ್ಟು ವರ್ಷ ಅದರ ಮೇಲೆಯೇ ಓಡಾಡಿದ್ದೇನೆ. ಕೈ ಪೂರ್ತಿ ಒದ್ದೆ.

ಹುಡುಗರ ಹತ್ತಿರ ಮಾತಾಡಿದೆ. ಇಬ್ಬರಿಗೆ ಬೇಜಾರಾಯಿತು, ಉಳಿದವರು ಒಪ್ಪಿದರು. ಭಾನುವಾರ ಅಕೇಶಿಯಾ ಕೀಳಲು ಹೋಗುತ್ತೇವೆ. ಕೊಡುತ್ತೇನೆ ಅಂದ ಹಣ ಹೆಬ್ಬಲಸಿನ ಸಸಿಗೆ. ಸೋಮವಾರಪೇಟೆ ಕಡೆ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?